ಬೆಳಿಗ್ಗೆ ಹೋಗಿ ಸಂಜೆ ಬಂದ ಮಾವ

ಮಾವ ಕಾರಿನಿಂದ ಇಳಿದು ಯಾರ ಹೆಗಲನ್ನೂ ಹಿಡಿಯದೆ ನಿಂತಾಗ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಅದೇ ದಿನ ನಸುಕಿನಲ್ಲಿ ಮಾವ ಆಸ್ಪತ್ರೆಗೆ ಹೊರಟದ್ದನ್ನು ಕಂಡವರೇ ಅವರೆಲ್ಲ. ಕ್ಯಾನ್ಸರ್ ಆಪರೇಷನ್ನು ಅಂದಮೇಲೆ ಹದಿನೈದು ದಿನವಾದರೂ ಆಸ್ಪತ್ರೆ ಎಂದು ಲೆಕ್ಕ ಹಾಕಿ, ಭಾನುವಾರ ಒಂದು ಟೆಂಪೋ ಮಾಡಿಕೊಂಡು ಬ್ರೆಡ್ಡು, ಮೂಸಂಬಿ ಹಿಡಿದು ನೋಡಿಬರುವುದೆಂದು ಮಾತಾಗಿತ್ತು. ನೋಡಿದರೆ ಸಂಜೆ ಹೂವಿನ ಗಾಡಿ ಹೊರಡುವ ಹೊತ್ತಿಗೆ ಮನುಷ್ಯ ಬಾಗಿಲಲ್ಲಿ ನಿಂತಿದ್ದಾರೆ, ತಲೆಗೂದಲು ಕೂಡ ಕೆದರಿಲ್ಲ.

ಎದುರು ಮನೆಯವರು ಮಾವನ ಜೊತೆಗೇ ಶಾಲೆ ಸೇರಿ ಜೊತೆಗೇ ಶಾಲೆ ಬಿಟ್ಟವರು. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು, “ಏನ್ಲಾ ಇದು, ಹಲ್ ಕೀಳ್ಸ್ಕೊಂಡ್ ಬಂದಂಗ್ ಬಂದ್ಬುಟ್ಟೆ? ನೀನ್ ಬ್ಯಾಡ ಹೋಗು ಅಂತ ಕಳ್ಸ್‌ಬುಟ್ರಾ?” ಅಂದರು.

“ಮಿಶನ್ನು ಮಾಡ್ತು ಕಣ್ಲಾ. ಅದು ನಿನ್ನಂಗೆ ಮಧ್ಯದಾಗೆ ಬೀಡಿ ಸೇದಕ್ ಹೋಗಕಿಲ್ಲ. ಬಿರ್ನೆ ಮುಗೀತು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಆಮೇಲೆ ಎಷ್ಟು ಸಲ ನೆನೆದು ಬೆವೆತಿದ್ದೇನೋ ಲೆಕ್ಕವಿಲ್ಲ. ನಾವೆಲ್ಲ ನಗುತ್ತಿದ್ದ ಆ ಗಳಿಗೆಯಲ್ಲೇ ಕೆಡುಕು ಶುರುವಾಗಿಬಿಟ್ಟಿತ್ತು, ಅದಾಗದಂತೆ ಕಾಯುತ್ತೇನೆಂದು ಮಾತು ಕೊಟ್ಟು ಬಂದಿದ್ದ ನಾನು ಎರಡು ಅಡಿ ದೂರದಲ್ಲಿ ನಿಂತಿದ್ದೆ.

ನಾನು ಈ ಮನೆಯ ಸೊಸೆ. ಹೊಸೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಗಂಡ ಕಾರ್ಖಾನೆಯಲ್ಲಿದ್ದಾರೆ. ತಮಿಳು ಸೀಮೆಯ ಬಾಗಲೂರಿನಿಂದ ಒಳಕ್ಕೆ ನಮ್ಮೂರು; ಮಾವ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುತ್ತಾರೆ. ಅವರ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಇನ್ನೂ ಗ್ರಂಥಿಯನ್ನು ದಾಟಿಲ್ಲ ಎಂದು ಗೊತ್ತಾದದ್ದು ಹೋದ ವರ್ಷ. ಗಡಿಯಾಚೆ, ಬೆಂಗಳೂರಿನ ಅಂಚಿನ ಆಸ್ಪತ್ರೆಯೊಂದರಲ್ಲಿ ರೋಬೋಟಿನಿಂದ ಶಸ್ತ್ರಚಿಕಿತ್ಸೆ ಮಾಡುತ್ತಾರೆಂದು ತಿಳಿದು ಹೋದೆವು. ರೋಬೋಟೇ ಕೊಯ್ಯುತ್ತದೋ ಎಂದು ಮಾವ ಕೇಳಿದ್ದಕ್ಕೆ ಡಾಕ್ಟರು ನಕ್ಕು, ಕೊಯ್ಯುವುದು ನಾನೇ, ನನ್ನ ಕೈ ಹೋಗಲಾರದ ಜಾಗಕ್ಕೆ ಅದರ ಕೈ ಹೋಗುತ್ತದೆ ಅಷ್ಟೆ ಎಂದಿದ್ದರು. ಗ್ರಂಥಿಯನ್ನು ತೆಗೆದಮೇಲೆ ಮೂತ್ರಕೋಶವನ್ನು ಕೆಳಕ್ಕೆ ತಂದು ಮೂತ್ರನಾಳಕ್ಕೆ ಸೇರಿಸಿ ಹೊಲಿಯುವುದು, ಆ ಹೊಲಿಗೆ ಕೂಡುವವರೆಗೆ ಒಳಗೊಂದು ಟ್ಯೂಬು ಇಡುವುದು, ಮೂತ್ರವೆಲ್ಲ ಅದರಲ್ಲೇ ಹೊರಗಿನ ಬ್ಯಾಗಿಗೆ ಹರಿಯುವುದು, ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದರು.

“ಕಸಿ ಕಟ್ದಂಗೆ,” ಅಂದರು ಮಾವ. “ಕೂಡೋಗಂಟ ಅಲ್ಲಾಡುಸ್ಬಾರ್ದು.”

“ಅಷ್ಟೇ ಅಲ್ಲ, ಮೂತ್ರಕೋಶ ತುಂಬಿ ಬಿಗಿಯಬಾರದು. ಬಿಗಿದರೆ ಹೊಲಿಗೆ ಬಿಟ್ಟುಕೊಳ್ಳಬಹುದು,” ಅಂದರು ಡಾಕ್ಟರು. ಅದು ನನಗೆ ಹೇಳಿದ ಮಾತು. ಅವರ ಕಣ್ಣು ನನ್ನ ಮೇಲಿತ್ತು.

ಅದೇ ದಿನ ಮನೆಗೆ ಕಳಿಸುವ ಮಾತನ್ನು ಎತ್ತಿದವರೂ ಅವರೇ. ಎಲ್ಲರನ್ನೂ ಕಳಿಸುವುದಿಲ್ಲ. ಹೃದಯ, ಸಕ್ಕರೆ ಎಲ್ಲ ಸರಿಯಿರಬೇಕು. ಮನೆ ಒಂದು ಗಂಟೆಯ ದಾರಿಯೊಳಗಿರಬೇಕು. ಸಂಜೆಯೊಳಗೆ ರೋಗಿ ಎದ್ದು ನಡೆದು, ಕುಡಿದದ್ದನ್ನು ಅರಗಿಸಿಕೊಂಡು, ನೋವು ಮಾತ್ರೆಗೆ ತಗ್ಗಬೇಕು. ಮುಖ್ಯವಾಗಿ, ನೋಡಿಕೊಳ್ಳಲು ತಿಳಿದ ಒಬ್ಬರು ಜೊತೆಗಿರಬೇಕು. ಅತ್ತೆ ಒಪ್ಪಲೇ ಇಲ್ಲ. “ಒಂದ್ ಹಸ ಕರ ಹಾಕುದ್ರೂ ಮೂರ್ ದಿನ ಕೊಟ್ಟಿಗೇಲೇ ಇಕ್ಕೊತೀವಿ. ಹೊಟ್ಟೆ ಕುಯ್ಸ್ಕೊಂಡೋರ್ನ ಅದೇ ಸಂಜೆ ಬೀದಿಗ್ ತತ್ತಾರಾ?” ಎಂದು ಜಗಳಕ್ಕೇ ನಿಂತರು. ಮಾವನಿಗೆ ಮಾತ್ರ ಅದೊಂದೇ ಆಸೆ. ಆಸ್ಪತ್ರೆಯ ಮಂಚದಲ್ಲಿ ಯಾರ್ಯಾರೋ ಬಂದು ಬಟ್ಟೆ ಸರಿಸಿ ನೋಡುವುದು ಅವರಿಗೆ ಕ್ಯಾನ್ಸರಿಗಿಂತ ದೊಡ್ಡ ಹೆದರಿಕೆ. ಕೊನೆಗೆ ನಾನು, “ನಾನಿರ್ತೀನಿ, ನಾನು ನೋಡ್ಕೋತೀನಿ” ಅಂದೆ. ನೋಡಿಕೊಳ್ಳುವವರು ಎಂಬ ಜಾಗದಲ್ಲಿ ನನ್ನ ಸಹಿ ಬಿತ್ತು.

ಆ ದಿನ ಎಲ್ಲವೂ ಹೇಳಿದ ಹಾಗೇ ನಡೆಯಿತು. ಬೆಳಿಗ್ಗೆ ಮೊದಲನೆಯ ಸರದಿ ಮಾವನದು. ಹತ್ತೂವರೆಗೆ ಡಾಕ್ಟರು ಹೊರಗೆ ಬಂದು ಹೆಬ್ಬೆರಳು ಎತ್ತಿ ತೋರಿಸಿದರು. ಮಧ್ಯಾಹ್ನ ಎರಡಕ್ಕೆ ಮಾವ ಎದ್ದು ಕೂತರು, ಮೂರಕ್ಕೆ ವರಾಂಡದಲ್ಲಿ ಎರಡು ಸುತ್ತು ನಡೆದರು. ಹೊಟ್ಟೆಯ ಮೇಲೆ ಆರು ಕಡೆ ಬೆರಳುಗುರಿನಷ್ಟು ಪಟ್ಟಿ. ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಪಾಠ ಹೇಳಿದರು. ಬ್ಯಾಗು ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಚೆನ್ನಾಗಿ ನೀರು ಕುಡಿಸಿ, ಬ್ಯಾಗಿನ ಗೆರೆ ನೋಡಿ ಆಗಾಗ ಬರೆದುಕೊಳ್ಳಿ, ಒಂದು ಗಂಟೆ ಏನೂ ಇಳಿಯದಿದ್ದರೆ ಫೋನು ಮಾಡಿ. ನಾನು ಪರೀಕ್ಷೆಗೆ ಓದುವವಳ ಹಾಗೆ ಬರೆದುಕೊಂಡೆ. ಐದಕ್ಕೆ ಹೊರಟಾಗ ಬ್ಯಾಗಿನಲ್ಲಿ ಇನ್ನೂರೈವತ್ತು ಮಿಲಿ. ಅದನ್ನೂ ಬರೆದೆ.

ಸರ್ಜಾಪುರ ದಾಟಿ ಗಡಿ ಕಳೆದು ಬಾಗಲೂರು ಹಿಂದೆ ಬಿದ್ದಮೇಲೆ, ಊರು ಇನ್ನೇನು ಎರಡು ತಿರುವು ಇರುವಾಗ ಮಾವ, “ವಸಿ ನಿಲ್ಸಪ್ಪ, ಲುಂಗಿ ಸರ್ಮಾಡ್ಕೊಂತೀನಿ” ಅಂದರು. ಗಂಡ ಕಾರು ನಿಲ್ಲಿಸಿದರು. ನಾನು ಮುಂದಿನ ಸೀಟಿನಲ್ಲಿದ್ದವಳು ಮುಖ ತಿರುಗಿಸಿಕೊಂಡು ಹೊರಗಿನ ಕೋಸಿನ ಹೊಲ ನೋಡುತ್ತಾ ಕೂತೆ. ಮಾವನ ಎದುರು ಸೊಸೆ ಇರಬೇಕಾದದ್ದೇ ಹಾಗೆ. ಹಿಂದೆ ಬಟ್ಟೆ ಸರಸರ ಅಂದದ್ದು ಕೇಳಿಸಿತು. ಆಮೇಲೆ, “ಹ್ಞೂಂ, ನಡಿ” ಅಂದರು. ಎರಡು ನಿಮಿಷವೂ ಆಗಿರಲಿಲ್ಲ. ಆ ಎರಡು ನಿಮಿಷ ಈಗಲೂ ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗ ಇದ್ದಕ್ಕಿದ್ದಂತೆ ನನ್ನ ಮುಂದೆ ಬಂದು ನಿಲ್ಲುತ್ತದೆ, ಸೀಮೆಸುಣ್ಣ ಕೈಯಲ್ಲೇ ಉಳಿಯುತ್ತದೆ.

ಬಾಗಿಲಲ್ಲಿ ಅತ್ತೆ ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆ ಹಿಡಿದು ಕಾದಿದ್ದರು. ದೃಷ್ಟಿ ತೆಗೆದು ಆ ನೀರನ್ನು ಬೀದಿಯ ನಡುವೆ ಚೆಲ್ಲಿದರು. ಒಳಗೆ ಬಂದ ಮಾವ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತರು. ಬ್ಯಾಗನ್ನು ನಾನು ಮಂಚದ ಪಕ್ಕಕ್ಕೆ ಕೆಳಗೆ ನೇತುಹಾಕಿದೆ. ಅವರು ಅದರ ಮೇಲೊಂದು ಟವೆಲ್ ಇಳಿಬಿಟ್ಟರು. ಆಮೇಲೆ ಜನವೋ ಜನ. ಹೂ ಕಟ್ಟುವ ಹೆಂಗಸರು, ಔಷಧಿ ಹೊಡೆಯುವವರು, ಗಾಡಿಯವನು. ಒಬ್ಬೊಬ್ಬರಿಗೂ ಮಾವ ಮೊದಲಿಂದ ಹೇಳಿದರು. ರೋಬೋಟಿನ ಕೈ ಹೇಗೆ ತಿರುಗುತ್ತದೆ ಎಂದು, ತಾವು ಕಣ್ಣಾರೆ ಕಂಡವರಂತೆ, ಮಣಿಕಟ್ಟು ತಿರುಗಿಸಿ ತೋರಿಸಿದರು. ಬಂದವರೆಲ್ಲ ಒಂದೊಂದು ಎಳನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ಅವರು ಎಲ್ಲವನ್ನೂ ಕುಡಿದರು. ನೀರು ಕುಡಿಸಿ ಅಂದಿದ್ದರಲ್ಲ, ನನಗೂ ಖುಷಿಯೇ. ಒಂದು ಮಾತ್ರೆ ಆಸ್ಪತ್ರೆಯಲ್ಲಿ ಸಿಕ್ಕಿರಲಿಲ್ಲ. ಅದನ್ನು ತರಲು ಗಂಡ ಹೊಸೂರಿಗೆ ಹೋದರು.

ಏಳಕ್ಕೆ ಟವೆಲ್ ಸರಿಸಿ ನೋಡಿದೆ. ಮುನ್ನೂರೈವತ್ತು. ಬರೆದೆ. ಏಳೂವರೆಗೆ ಮತ್ತೆ ನೋಡಬೇಕೆಂದು ಎದ್ದಾಗ ಯಾರೋ ಕಾಫಿ ಕೇಳಿದರು. ಎಂಟಕ್ಕೆ ನೋಡಿದೆ. ಮುನ್ನೂರೈವತ್ತೇ.

ಆಗ ಮಾವನ ಮುಖ ನೋಡಿದೆ. ಹಣೆಯ ಮೇಲೆ ಬೆವರಿತ್ತು. ಮಾತು ನಿಂತಿತ್ತು. ಎರಡು ಕೈಯೂ ಮಂಚದ ಅಂಚನ್ನು ಹಿಡಿದುಕೊಂಡಿದ್ದವು.

“ಮಾವ, ಏನಾಗ್ತಿದೆ?”

“ಏನಿಲ್ಲಮ್ಮ. ವಸಿ ಬಿಗೀತೈತೆ. ಮಜ್ಗೆ ಜಾಸ್ತಿ ಆಯ್ತೇನೋ.”

ಬಿಗಿಯಬಾರದು ಅಂದಿದ್ದರು ಡಾಕ್ಟರು. ಬಂದಿದ್ದವರನ್ನು ಎಬ್ಬಿಸಿ ಕಳಿಸಿದೆ. ಏನು ಹೇಳಿ ಕಳಿಸಿದೆನೋ ನೆನಪಿಲ್ಲ. ನರ್ಸಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ಎರಡೇ ಪ್ರಶ್ನೆ ಕೇಳಿದರು, ಹೊರಟಾಗ ಎಷ್ಟಿತ್ತು, ಈಗ ಎಷ್ಟಿದೆ. ಕೇಳಿಕೊಂಡು, “ಮೇಡಂ, ಹೆಪ್ಪು ಕಟ್ಕೊಂಡಿರ್ಬಹುದು, ಇಲ್ಲಾ ಎಲ್ಲೋ ಮಡಚಿರ್ಬಹುದು. ಮೈಯಿಂದ ಬ್ಯಾಗಿನ ತನಕ ಟ್ಯೂಬನ್ನ ಕೈಯಲ್ಲಿ ತಡವಿ ನೋಡಿ. ನೀವೇ ನೋಡಿ. ಈಗಲೇ. ಸರಿಹೋಗದಿದ್ರೆ ತಕ್ಷಣ ಹೊರಟು ಬನ್ನಿ” ಅಂದರು.

ಕಾರು ಹೊಸೂರಿನಲ್ಲಿತ್ತು.

ಮಾವ ಲುಂಗಿಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದರು. “ನೀನ್ ಆಚಿಕ್ ಹೋಗಮ್ಮ. ಅವನ್ ಬರ್ಲಿ.”

“ಅವನ್ ಬರೋಗಂಟ ಜೀವ ಬುಡ್ತೀರಾ?” ಅಂದ ಅತ್ತೆ ನನ್ನನ್ನು ಹಿಂದಕ್ಕೆ ತಳ್ಳಿ ತಾವೇ ಬಗ್ಗಿದರು. ಅವರಿಗೆ ಕಣ್ಣಿನ ಪೊರೆ. ಸೂಜಿಗೆ ದಾರ ಪೋಣಿಸಿಕೊಡುವವಳು ನಾನು. ಸ್ವಲ್ಪ ತಡವಿ, “ಎಲ್ಲಾ ಸರ್ಯಾಗೇ ಐತೆ ಕಣಮ್ಮಿ, ಪಟ್ಟಿ ಬಿಗಿಯಾಗ್ ಅಂಟೈತೆ” ಅಂದರು. ಮಾವ ಆಗ ಒಂದು ಸಲ ನರಳಿದರು. ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಅಂಥ ದನಿಯನ್ನು ನಾನು ಕೇಳಿರಲಿಲ್ಲ.

ನನಗೆ ಎಲ್ಲಿಂದ ಬಂತೋ, ತರಗತಿಯಲ್ಲಿ ಕೊನೆಯ ಬೆಂಚಿನವರಿಗೆ ಹೇಳುವ ದನಿ ಬಂತು. “ಮಾವ, ನಾನು ಸೈನ್ ಹಾಕಿ ನಿಮ್ಮನ್ನ ಕರ್ಕೊಂಡು ಬಂದಿದ್ದೀನಿ. ನಿಮಗೆ ನಾಚಿಕೆ ಆದ್ರೆ ನೀವು ಕಣ್ಣು ಮುಚ್ಕೊಳ್ಳಿ. ನಾನು ಮುಚ್ಕೊಳ್ಳೋಕಾಗಲ್ಲ.”

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಬ್ಯಾಗಿನ ಮೇಲಿದ್ದ ಟವೆಲನ್ನು ಎಳೆದುಕೊಂಡು ಮುಖದ ಮೇಲೆ ಹಾಕಿಕೊಂಡರು.

ಬ್ಯಾಗಿನಿಂದ ಮೇಲಕ್ಕೆ ತಡವುತ್ತಾ ಹೋದೆ. ಮೀನಖಂಡದವರೆಗೆ ಸರಿ. ಮಂಡಿಯವರೆಗೂ ಸರಿ. ಮಂಡಿಯಿಂದ ಒಂದು ಗೇಣು ಮೇಲೆ ಬೆರಳಿಗೆ ಗಂಟಿನಂಥದ್ದು ಸಿಕ್ಕಿತು. ದೀಪ ಹತ್ತಿರ ತರಿಸಿ ನೋಡಿದೆ. ಟ್ಯೂಬನ್ನು ಎರಡಾಗಿ ಮಡಚಿ, ಅದರ ಮೇಲೆ ಒಂದು ರಬ್ಬರ್ ಬ್ಯಾಂಡನ್ನು ಮೂರು ಸುತ್ತು ಸುತ್ತಲಾಗಿತ್ತು. ಕೆಂಪು ರಬ್ಬರು. ಹೂವಿನ ಕಟ್ಟಿಗೆ ಹಾಕುವುದು.

ನನಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಆದರೆ ಆ ಮಡಿಕೆಯನ್ನು ನಾನು ದಿನವೂ ನೋಡುತ್ತೇನೆ. ತೋಟದಲ್ಲಿ ಡ್ರಿಪ್ಪಿನ ಪ್ರತಿ ಸಾಲಿನ ಕೊನೆಯಲ್ಲೂ ಪೈಪನ್ನು ಹಾಗೇ ಮಡಚಿ ಬಿಗಿದಿರುತ್ತಾರೆ, ನೀರು ಕೊನೆಯಲ್ಲಿ ಸೋರಿಹೋಗದಿರಲೆಂದು.

ರಬ್ಬರು ಬೆವರಿಗೆ ಅಂಟಿಕೊಂಡಿತ್ತು. ಕತ್ತರಿ ಹಾಕಿದರೆ ಟ್ಯೂಬಿಗೆ ತಾಗೀತು. ಉಗುರಿನಿಂದ ಮೀಟಿದೆ, ಜಾರಿತು, ಮತ್ತೆ ಮೀಟಿದೆ. ಮೂರನೆಯ ಸಲ ಅದು ಪಟ್ಟೆಂದು ಹರಿದು ನನ್ನ ಕೆನ್ನೆಗೆ ಬಡಿಯಿತು.

ಟ್ಯೂಬು ಜೀವ ಬಂದಂತೆ ಅದುರಿತು. ಮೊದಲು ಕಡುಗೆಂಪು ಬಂತು, ನಾನು ಉಸಿರು ಹಿಡಿದುಕೊಂಡೆ. ಆಮೇಲೆ ತಿಳಿಗೆಂಪು, ಆಮೇಲೆ ಬರೀ ನಸುಗೆಂಪು. ಫೋನಿನಲ್ಲಿ ನರ್ಸಮ್ಮ ಇನ್ನೂ ಇದ್ದರು. ಪ್ರಯೋಗಶಾಲೆಯಲ್ಲಿ ಗೆರೆ ಓದುವ ಹಾಗೆ ನಾನು ಕೂಗಿ ಓದಿದೆ. ನಾನೂರೈವತ್ತು. ಐನೂರು. ಆರುನೂರು. ಏಳುನೂರು. ಏಳುನೂರ ಎಂಬತ್ತಕ್ಕೆ ಓಟ ನಿಧಾನವಾಗಿ, ಹನಿ ಹನಿಯಾಗಿ ನಿಂತಿತು. ಟವೆಲಿನ ಕೆಳಗಿಂದ ಒಂದು ದೊಡ್ಡ ನಿಟ್ಟುಸಿರು ಬಂತು.

“ಅಮ್ಮಾ,” ಅಂದಿತು ಟವೆಲು. “ಸೊರ್ಗ ಕಣಮ್ಮ.”

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ವಿಷಯ ಆಮೇಲೆ ಹೊರಬಿತ್ತು. ಊರು ಹತ್ತಿರವಾದಂತೆ ಮಾವನಿಗೆ ಒಂದೇ ಯೋಚನೆ: ಬಾಗಿಲಲ್ಲಿ ಊರೆಲ್ಲ ನಿಂತಿರುವಾಗ ತಮ್ಮ ಕಾಲಿನ ಪಕ್ಕದ ಟ್ಯೂಬಿನಲ್ಲಿ ಕೆಂಪು ನೀರು ಓಡುವುದು ಕಾಣಿಸಿದರೆ? ಅಂಗಿಯ ಜೇಬಿನಲ್ಲಿ ಅವರಿಗೆ ಯಾವಾಗಲೂ ನಾಲ್ಕು ರಬ್ಬರಿರುತ್ತವೆ. ಒಳಗೆ ಹೋದ ಕೂಡಲೆ ಬಿಚ್ಚಿದರಾಯಿತು ಎಂದುಕೊಂಡರು. ಆರತಿ, ಜನ, ಎಳನೀರು, ಆಪರೇಷನ್ನಿನ ಮಂಪರು, ಎಲ್ಲ ಸೇರಿ ಮರೆತೇ ಹೋಯಿತು. ಬಿಗಿಯತೊಡಗಿದಾಗ ನೆನಪಾಯಿತಂತೆ. ಆಗ ನಡುಮನೆ ತುಂಬ ಜನ, ಎದುರಿಗೆ ಸೊಸೆ. ಜನ ಹೋದಮೇಲೆ ತಾವೇ ಬಿಚ್ಚೋಣವೆಂದರೆ ಹೊಟ್ಟೆಯ ಬಿಗಿತ ಬಗ್ಗಲು ಬಿಡಲಿಲ್ಲ, ಬಾಯಿಬಿಟ್ಟು ಹೇಳಲು ನಾಚಿಕೆ.

“ಅದೇನ್ ತ್ವಾಟದ್ ಪೈಪಾ ನಿಮ್ದು?” ಅತ್ತೆ ಹಣೆ ಚಚ್ಚಿಕೊಂಡರು. “ಮಡ್ಚಿ ರಬ್ಬರ್ ಹಾಕವ್ರಂತೆ! ವಾಲ್ವೂ ಒಂದ್ ಇಕ್ಕುಸ್ಕೊಂಡ್ ಬರ್ಬೇಕಾಗಿತ್ತು.”

“ಸುಮ್ಕಿರೇ, ಅದೂ ಕೇಳ್ದೆ. ಇಲ್ಲ ಅಂದ್ರು,” ಅಂದರು ಮಾವ, ಇನ್ನೂ ಟವೆಲಿನ ಒಳಗಿಂದಲೇ. ಅತ್ತೆ ಅಳುತ್ತಿದ್ದವರು ನಕ್ಕುಬಿಟ್ಟರು.

ಹತ್ತು ನಿಮಿಷದಲ್ಲಿ ಡಾಕ್ಟರೇ ಫೋನು ಮಾಡಿದರು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. ಹೊಟ್ಟೆ ಗಟ್ಟಿಯಾದರೆ, ಜ್ವರ ಬಂದರೆ, ಮತ್ತೆ ಹರಿವು ತಗ್ಗಿದರೆ ಆ ಕ್ಷಣ ಹೊರಟು ಬರಬೇಕೆಂದರು. ಹೊಲಿಗೆಗೆ ಏನಾದರೂ ಆಗಿದೆಯೇ ಎಂದು ಕೇಳಿದೆ. “ಹರಿವು ಚೆನ್ನಾಗಿದೆ ಅಂದರೆ ಒಳ್ಳೆಯದೇ. ಆದರೆ ಈಗ ಖಚಿತವಾಗಿ ಹೇಳಲಾರೆ. ಎಂಟನೆಯ ದಿನ ಟ್ಯೂಬಿನಲ್ಲಿ ದ್ರವ ಬಿಟ್ಟು ಎಕ್ಸ್‌-ರೇ ತೆಗೆಯೋಣ. ಸೋರುತ್ತಿದ್ದರೆ ಅದರಲ್ಲಿ ಕಾಣಿಸುತ್ತದೆ,” ಅಂದರು.

ಎಂಟು ದಿನ ಹೇಗೆ ಕಳೆದೆನೆಂದು ಕೇಳಿದವರಿಗೆಲ್ಲ ಚೆನ್ನಾಗೇ ಕಳೆಯಿತು ಎನ್ನುತ್ತೇನೆ, ಅದು ಸುಳ್ಳೂ ಅಲ್ಲ. ಮರುದಿನ ಬೆಳಿಗ್ಗೆ ಮಾವ ಎರಡು ಇಡ್ಲಿ ತಿಂದರು. ಮೂರನೆಯ ದಿನ ಪಾಲಿಹೌಸಿನ ಬಾಗಿಲವರೆಗೆ ಹೋಗಿ, ಕೊಯ್ಲು ತಡವಾಯಿತೆಂದು ಕೂಗಾಡಿ ಬಂದರು. ಬ್ಯಾಗು ಲುಂಗಿಯ ಒಳಗೇ ಇತ್ತು. ಆದರೆ ಗಂಟೆಗೊಮ್ಮೆ ನಾನು ಬಂದು ನಿಂತರೆ ತಾವೇ ತೆಗೆದು ಗೆರೆ ತೋರಿಸುತ್ತಿದ್ದರು, ಮುಖವನ್ನು ಮಾತ್ರ ಗೋಡೆಯ ಕಡೆಗೆ ತಿರುಗಿಸಿ. ಜ್ವರ ಬರಲಿಲ್ಲ. ಹೊಟ್ಟೆ ಮೆತ್ತಗಿತ್ತು. ಆದರೂ ಒಳಗಿನ ಆ ಹೊಲಿಗೆಯನ್ನು ಯಾರೂ ಕಂಡಿರಲಿಲ್ಲ. ಅಡುಗೆ ಮಾಡುವಾಗ ನಲ್ಲಿ ತೊಟ್ಟಿಕ್ಕಿದರೆ ಸೌಟು ಬಿಟ್ಟು ಹೋಗಿ ಬಿಗಿದು ಬರುತ್ತಿದ್ದೆ. ಕಾರಿನಲ್ಲಿ ತಿರುಗಿ ನೋಡಿದ್ದರೆ ಎಂದುಕೊಳ್ಳುತ್ತಿದ್ದೆ. ಏಳೂವರೆಗೆ ಕಾಫಿ ಬಿಟ್ಟು ಟವೆಲ್ ಎತ್ತಿದ್ದರೆ. ಆಸ್ಪತ್ರೆಯಲ್ಲಿ ಒಂದು ದಿನ ಇದ್ದಿದ್ದರೆ. ಇದನ್ನು ಯಾರಿಗೂ ಹೇಳಲಿಲ್ಲ. ಅತ್ತೆಗೂ ಗೊತ್ತಿತ್ತೇನೋ, ಆ ವಾರ ನನ್ನ ತಟ್ಟೆಗೆ ತುಪ್ಪ ಜಾಸ್ತಿ ಬೀಳುತ್ತಿತ್ತು.

ಎಂಟನೆಯ ದಿನ ಹೋದೆವು. ಎಕ್ಸ್‌-ರೇ ಕೋಣೆಯ ಗಾಜಿನ ಆಚೆ ಮಾವ ಮಲಗಿದ್ದರು, ಈಚೆ ಪರದೆಯ ಮುಂದೆ ಡಾಕ್ಟರು, ಅವರ ಹಿಂದೆ ನಾನು. ಟ್ಯೂಬಿನಲ್ಲಿ ಬಿಟ್ಟ ದ್ರವ ಪರದೆಯ ಮೇಲೆ ಏರುತ್ತಾ ಬಂತು. ಮೊದಲು ಒಂದು ಚುಕ್ಕೆ, ಆಮೇಲೆ ನಿಂಬೆಹಣ್ಣು, ಆಮೇಲೆ ಒಂದು ಸಣ್ಣ ಬೇಲದ ಹಣ್ಣಿನಷ್ಟು. ಅದರ ಕೆಳಗಿನ ಅಂಚಿನಲ್ಲಿ, ಹೊಲಿಗೆ ಇರುವ ಜಾಗದಲ್ಲಿ, ನನ್ನ ಕಣ್ಣು ನೆಟ್ಟಿತ್ತು. ಅಲ್ಲಿಂದ ಒಂದು ಎಳೆ ಆಚೆಗೆ ಹರಿದರೂ ಅದು ನನ್ನ ತಪ್ಪು. ಡಾಕ್ಟರು ಮಾವನನ್ನು ಈ ಮಗ್ಗುಲಾಗಿಸಿದರು, ಆ ಮಗ್ಗುಲಾಗಿಸಿದರು. ಅಂಚು ಅಂಚಾಗಿಯೇ ಉಳಿಯಿತು, ನುಣ್ಣಗೆ, ಉಗುರಿನ ಅಂಚಿನಂತೆ.

“ಒಂದು ಹನಿಯೂ ಇಲ್ಲ,” ಅಂದರು ಡಾಕ್ಟರು, ತಿರುಗಿ ನನ್ನನ್ನು ನೋಡಿ. “ಗಟ್ಟಿಯಾಗಿ ಕೂಡಿದೆ.” ತೆಗೆದ ಗ್ರಂಥಿಯ ವರದಿಯೂ ಬಂದಿತ್ತು, ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲ. ನನಗೆ ಹಿಂದೆ ಸರಿಯಲೂ ಆಗಲಿಲ್ಲ, ಮುಂದೆ ಹೋಗಲೂ ಆಗಲಿಲ್ಲ. ಗಾಜನ್ನು ಎರಡು ಸಲ ತಟ್ಟಿದೆ. ಒಳಗೆ ಮಲಗಿದ್ದವರು ತಲೆಯೆತ್ತಿ ಹುಬ್ಬು ಕುಣಿಸಿದರು, ಏನಂತೆ? ನಾನು ತಲೆಯಾಡಿಸಿದೆ. ಅಷ್ಟೇ ಮಾಡಲಾದದ್ದು.

ಟ್ಯೂಬು ತೆಗೆದಮೇಲೆ ಹೊರಗಿನ ಸಾಲು ಕುರ್ಚಿಗಳಲ್ಲಿ ಕೂತೆವು. ಇನ್ನು ಕೆಲವು ವಾರ ಹನಿಯುತ್ತದೆ, ಪ್ಯಾಡು ಕಟ್ಟಿಕೊಳ್ಳಬೇಕು, ದಿನಕ್ಕಿಷ್ಟು ಸಲ ಬಿಗಿಹಿಡಿದು ಬಿಡುವ ವ್ಯಾಯಾಮ ಮಾಡಬೇಕು ಎಂದು ನರ್ಸಮ್ಮ ಹೇಳಿ ಹೋದರು. ಮಾವ ಫೋನು ತೆಗೆದು ಅತ್ತೆಗೆ ಹಚ್ಚಿದರು. ಡಾಕ್ಟರ ಕೋಣೆಯಲ್ಲಿ ತಮ್ಮ ಕಾಯಿಲೆಯ ಹೆಸರನ್ನೂ ಪಿಸುಗುಟ್ಟುತ್ತಿದ್ದವರು ಇಡೀ ವರಾಂಡಕ್ಕೆ ಕೇಳುವಂತೆ ಕೂಗಿದರು: “ಏಯ್, ಸೋರಿಲ್ವಂತೆ ಕಣೇ! ಒಂದ್ ಹನೀನೂ ಸೋರಿಲ್ವಂತೆ!”

ಎಲ್ಲರೂ ತಿರುಗಿ ನೋಡಿದರು. ಪಕ್ಕದ ಕುರ್ಚಿಯಲ್ಲಿ ಕೃಷ್ಣಗಿರಿಯ ಕಡೆಯಿಂದ ಬಂದ ಒಬ್ಬ ವಯಸ್ಸಾದವರು ಕೂತಿದ್ದರು, ಬಿಳಿ ಪಂಚೆ, ತೊಡೆಯ ಮೇಲೆ ಮಡಚಿದ ಟವೆಲು. ಏನಾಯಿತೆಂದು ತಮಿಳಿನಲ್ಲಿ ಕೇಳಿದರು. ಮಾವ ತಮಿಳಿನಲ್ಲೇ ಶುರುಮಾಡಿದರು. ಬೆಳಿಗ್ಗೆ ಹೋಗಿ ಸಂಜೆ ಬಂದದ್ದು, ನಾಚಿಕೆಗೆ ಟ್ಯೂಬು ಮಡಚಿ ರಬ್ಬರು ಹಾಕಿದ್ದು, ಹೇಗೆ ಮಡಚಿದ್ದೆಂದು ಬೆರಳು ಮಡಚಿ ತೋರಿಸಿದ್ದು, ಸೊಸೆ ಗದರಿದ್ದು, ತಾವು ಟವೆಲಿನಲ್ಲಿ ಮುಖ ಮುಚ್ಚಿಕೊಂಡದ್ದು. ಒಂದನ್ನೂ ಬಿಡಲಿಲ್ಲ. ಎದುರಿಗೆ ಕೂತಿದ್ದ ಹೆಂಗಸರೂ ಕೇಳಿಸಿಕೊಳ್ಳುತ್ತಿದ್ದರು. ಮಾವ ದನಿ ತಗ್ಗಿಸಲಿಲ್ಲ.

ಆ ಹಿರಿಯರು ನಗಲಿಲ್ಲ. ಆಮೇಲೆ ತೊಡೆಯ ಮೇಲಿನ ಟವೆಲನ್ನು ನಿಧಾನವಾಗಿ ತೆಗೆದು ಹೆಗಲಿಗೆ ಹಾಕಿಕೊಂಡರು. ಅದರ ಅಡಿಯಲ್ಲಿ, ಮಡಿಲಲ್ಲಿ, ಅರ್ಧ ತುಂಬಿದ ಬ್ಯಾಗಿತ್ತು. ಮಾವ ಕೈ ಚಾಚಿದರು. ಇಬ್ಬರೂ ಬಗ್ಗಿ ಅದನ್ನು ಕುರ್ಚಿಯ ಕೆಳಗಿನ ಕಂಬಿಗೆ, ನೆಲದಿಂದ ಒಂದು ಗೇಣು ಮೇಲೆ, ಎಲ್ಲರಿಗೂ ಕಾಣುವಂತೆ ನೇತುಹಾಕಿದರು.